ಭಾಸ್ಕರಾಚಾರ್ಯರ ಚಿನ್ನದ ಲೆಕ್ಕ ಮತ್ತು ಇಂದಿನ ಸರಾಸರಿ ಬೆಲೆ

ಗೋವಿನಜೋಳದ ಬೆಲೆ ಒಂದು ಊರಿನಲ್ಲಿ ಕ್ವಿಂಟಲ್‌ಗೆ ₹2,000, ಇನ್ನೊಂದು ಊರಿನಲ್ಲಿ ₹2,200, ಮತ್ತೊಂದರಲ್ಲಿ ₹2,400. ಹಾಗಾದರೆ ಸರಾಸರಿ ಬೆಲೆ ಎಷ್ಟು? ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ₹2,200 ಎಂದು ನಮ್ಮಲ್ಲಿ ಬಹುಪಾಲು ಜನ ಥಟ್ಟನೆ ಹೇಳಿಬಿಡುತ್ತೇವೆ. ಶಾಲೆಯಲ್ಲಿ ಕಲಿತ ಸರಾಸರಿ ಅದೇ ತಾನೇ!

ಆದರೆ ಯಾವ ಊರಿನಲ್ಲಿ ಎಷ್ಟು ಕ್ವಿಂಟಲ್ ಮಾರಾಟವಾಯಿತು ಎಂದು ನಾವು ಕೇಳಲೇ ಇಲ್ಲ. ಅದನ್ನು ಕೇಳದೆ ಹೇಳಿದ ಸರಾಸರಿ ಬೆಲೆ, ರೈತರ ಕೈಗೆ ಬಂದ ಹಣದ ಜೊತೆ ತಾಳೆಯಾಗದೆ ಹೋಗಬಹುದು. ಇಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ವರದಿಗಳನ್ನು ತಯಾರಿಸುವವರೂ ಇದೇ ಕಡೆ ಎಡವುತ್ತಾರೆ.

ಎಡವದೆ ನಡೆಯುವ ದಾರಿಯನ್ನು ಸುಮಾರು 875 ವರ್ಷಗಳ ಹಿಂದೆಯೇ ಚಿನ್ನದ ವ್ಯಾಪಾರಿಗಳಿಗಾಗಿ ಅಚ್ಚುಕಟ್ಟಾಗಿ ಬರೆದಿಟ್ಟವರು ಭಾಸ್ಕರಾಚಾರ್ಯರು. ಅವರ ಹೆಸರು ಗೊತ್ತಿಲ್ಲದವರು ಕಡಿಮೆ. ಆದರೆ ಅವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಕತೆ ಎಷ್ಟು, ನಿಜ ಎಷ್ಟು? ಅವರ ಬದುಕನ್ನೂ ಅವರ ಚಿನ್ನದ ಲೆಕ್ಕವನ್ನೂ ಒಟ್ಟಿಗೇ ನೋಡೋಣ.

ಯಾವ ಭಾಸ್ಕರ? ಯಾವ ಊರು?

ಭಾರತದ ಗಣಿತದ ಚರಿತ್ರೆಯಲ್ಲಿ ಭಾಸ್ಕರ ಎಂಬ ಹೆಸರಿನವರು ಇಬ್ಬರಿದ್ದಾರೆ. ಏಳನೆಯ ಶತಮಾನದಲ್ಲಿದ್ದವರು ಮೊದಲನೆಯ ಭಾಸ್ಕರ. ಅವರು ಆರ್ಯಭಟರ ಕೃತಿಗೆ ವ್ಯಾಖ್ಯಾನ ಬರೆದವರು. ನಾವು ಮಾತನಾಡುತ್ತಿರುವುದು ಹನ್ನೆರಡನೆಯ ಶತಮಾನದ ಎರಡನೆಯ ಭಾಸ್ಕರರ ಬಗ್ಗೆ. ಭಾಸ್ಕರಾಚಾರ್ಯ ಎಂದು ಎಲ್ಲರೂ ಕರೆಯುವುದು ಇವರನ್ನೇ.

ಹಳೆಯ ಕಾಲದ ವಿದ್ವಾಂಸರ ಕಾಲವನ್ನು ಗೊತ್ತುಮಾಡುವುದು ಸಾಮಾನ್ಯವಾಗಿ ಕಷ್ಟದ ಕೆಲಸ. ಭಾಸ್ಕರಾಚಾರ್ಯರ ವಿಷಯದಲ್ಲಿ ಮಾತ್ರ ಆ ತೊಂದರೆ ಇಲ್ಲ. ತಾವು ಹುಟ್ಟಿದ್ದು ಶಕವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಎಂದೂ 36ನೆಯ ವಯಸ್ಸಿನಲ್ಲಿ 'ಸಿದ್ಧಾಂತಶಿರೋಮಣಿ'ಯನ್ನು ಬರೆದುದಾಗಿಯೂ ಅವರೇ ಆ ಗ್ರಂಥದ ಕೊನೆಯಲ್ಲಿ ದಾಖಲಿಸಿದ್ದಾರೆ. ಹಾಗಾಗಿ ಗ್ರಂಥದ ವರ್ಷ 1150. ತಂದೆ ಮಹೇಶ್ವರ, ಶಾಂಡಿಲ್ಯ ಗೋತ್ರ. ಗಣಿತ, ಜ್ಯೋತಿಷ ಎರಡನ್ನೂ ಅವರು ಕಲಿತದ್ದು ತಂದೆಯ ಬಳಿಯೇ.

ಊರಿನ ಹೆಸರನ್ನೂ ಅವರು ಹೇಳಿದ್ದಾರೆ: ಸಹ್ಯಾದ್ರಿಗೆ ಹೊಂದಿಕೊಂಡ ವಿಜ್ಜಡವಿಡ. ಆದರೆ ಆ ಹೆಸರಿನ ಊರು ಇಂದು ಯಾವುದು ಎನ್ನುವಲ್ಲಿ ಚರ್ಚೆ ಶುರುವಾಗುತ್ತದೆ. ಅದು ನಮ್ಮ ವಿಜಯಪುರ ಎಂದು ಕರ್ನಾಟಕದಲ್ಲಿ ಬಹುಕಾಲದಿಂದ ನಂಬಿದ್ದೇವೆ. ವಿಜಯಪುರ ಬಯಲುಸೀಮೆಯ ಊರು, ಸಹ್ಯಾದ್ರಿಯಿಂದ ದೂರ. ಹಾಗಾಗಿ ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಚಾಳೀಸಗಾಂವ ಸಮೀಪದ ಪಾಟಣ ಊರಿನ ಕಡೆ ಬೊಟ್ಟು ಮಾಡುವ ವಿದ್ವಾಂಸರೂ ಇದ್ದಾರೆ. ಅದಕ್ಕೆ ಕಾರಣವಾದ ಒಂದು ಶಾಸನದ ಮಾತು ಮುಂದೆ ಬರುತ್ತದೆ. ಅವರು ಹುಟ್ಟಿದಾಗ ದಖ್ಖನ್‌ನ ಬಹುಭಾಗ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿತ್ತು ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಬಸವಣ್ಣನವರ ಕಲ್ಯಾಣದ ಕಾಲವೂ ಭಾಸ್ಕರರ ಜೀವಿತದೊಳಗೇ ಬರುತ್ತದೆ.

ಅವರು ಉಜ್ಜಯಿನಿಯ ಖಗೋಳ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು ಎಂಬ ಮಾತು ಅನೇಕ ಪುಸ್ತಕಗಳಲ್ಲಿದೆ. ಭಾಸ್ಕರಾಚಾರ್ಯರು ತಮ್ಮ ಬಗ್ಗೆ ಹೇಳಿಕೊಂಡಿರುವಲ್ಲಿ ಅಂಥ ಹುದ್ದೆಯ ಪ್ರಸ್ತಾಪವೇ ಇಲ್ಲ.

ನಾಲ್ಕು ಭಾಗದ ಒಂದು ಗ್ರಂಥ

'ಸಿದ್ಧಾಂತಶಿರೋಮಣಿ'ಯಲ್ಲಿ ನಾಲ್ಕು ಭಾಗಗಳಿವೆ. ಅಂಕಗಣಿತ ಮತ್ತು ಕ್ಷೇತ್ರಗಣಿತದ 'ಲೀಲಾವತಿ', 'ಬೀಜಗಣಿತ', ಗ್ರಹಗಳ ಚಲನೆಯನ್ನು ಲೆಕ್ಕಹಾಕುವ 'ಗ್ರಹಗಣಿತ' ಮತ್ತು 'ಗೋಲಾಧ್ಯಾಯ'. ಪದ್ಯದಲ್ಲಿ ಸೂತ್ರಗಳನ್ನು ಕೊಟ್ಟು ಸುಮ್ಮನಾಗದೆ, ಅವು ಏಕೆ ಸರಿ ಎಂದು ವಿವರಿಸುವ ಗದ್ಯ ವ್ಯಾಖ್ಯಾನವನ್ನೂ ಅವರೇ ಬರೆದರು. ಅದರ ಹೆಸರು 'ವಾಸನಾಭಾಷ್ಯ'.

ಅವರ ಗಣಿತದ ಎತ್ತರ ತಿಳಿಯಲು ಒಂದೇ ಉದಾಹರಣೆ ಸಾಕು. ಒಂದು ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದಾಗ ಮತ್ತೊಂದು ಪೂರ್ಣವರ್ಗ ಬರಬೇಕು. ಆ ಸಂಖ್ಯೆ ಯಾವುದು? ಫ್ರಾನ್ಸಿನ ಗಣಿತಜ್ಞ ಫರ್ಮಾ ಈ ಪ್ರಶ್ನೆಯನ್ನು ತನ್ನ ಕಾಲದವರ ಮುಂದೆ ಸವಾಲಾಗಿ ಇಟ್ಟದ್ದು 1657ರಲ್ಲಿ. ಭಾಸ್ಕರಾಚಾರ್ಯರು ಐನೂರು ವರ್ಷ ಮೊದಲೇ 'ಚಕ್ರವಾಲ' ಎಂಬ ವಿಧಾನದಿಂದ ಇದನ್ನು ಬಿಡಿಸಿದ್ದರು. ಅತಿ ಚಿಕ್ಕ ಉತ್ತರ 22,61,53,980!

ಇನ್ನೊಂದು ಜನಪ್ರಿಯ ಮಾತು, ನ್ಯೂಟನ್‌ಗಿಂತ ಮೊದಲೇ ಗುರುತ್ವದ ನಿಯಮವನ್ನು ಭಾಸ್ಕರರು ಕಂಡುಹಿಡಿದಿದ್ದರು ಎಂಬುದು. ಭೂಮಿಗೆ ಭಾರವಾದ ವಸ್ತುಗಳನ್ನು ತನ್ನತ್ತ ಸೆಳೆಯುವ ಶಕ್ತಿ ಇದೆ ಎಂದು 'ಗೋಲಾಧ್ಯಾಯ'ದಲ್ಲಿ ಬರೆದಿರುವುದು ನಿಜ. ಆದರೆ ಆ ಸೆಳೆತ ದೂರದ ಜೊತೆ ಹೇಗೆ ಬದಲಾಗುತ್ತದೆ, ಗ್ರಹಗಳ ಚಲನೆಗೂ ಅದಕ್ಕೂ ಏನು ಸಂಬಂಧ ಎಂಬ ಲೆಕ್ಕ ಅಲ್ಲಿಲ್ಲ. ಒಂದು ಒಳ್ಳೆಯ ಹೊಳಹಿಗೂ ಪೂರ್ತಿ ನಿಯಮಕ್ಕೂ ವ್ಯತ್ಯಾಸವಿದೆ.

ಮುತ್ತು ಬಿದ್ದ ಬಟ್ಟಲಿನ ಕತೆ

ಲೀಲಾವತಿ ಎಂದೊಡನೆ ನೆನಪಾಗುವುದು ಮಗಳ ಕತೆ. ಲೀಲಾವತಿಯ ಮದುವೆಗೆ ಒಂದೇ ಒಂದು ಶುಭ ಗಳಿಗೆ ಇತ್ತಂತೆ. ಅದನ್ನು ತಿಳಿಯಲು ತಂದೆ ನೀರಿನ ಗಳಿಗೆ ಬಟ್ಟಲು ಇಟ್ಟರಂತೆ. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಉಡುಗೆಯಿಂದ ಮುತ್ತೊಂದು ಜಾರಿ ಬಟ್ಟಲಿಗೆ ಬಿದ್ದು ತೂತು ಮುಚ್ಚಿಹೋಯಿತಂತೆ. ಗಳಿಗೆ ತಿಳಿಯದೆ ಮುಹೂರ್ತ ಮೀರಿತು. ನೊಂದ ಮಗಳ ಹೆಸರು ಉಳಿಯಲೆಂದು ತಂದೆ ಪುಸ್ತಕ ಬರೆದರಂತೆ.

ಮನ ಕಲಕುವ ಕತೆ, ನಿಜ. ಆದರೆ ಇದು ಭಾಸ್ಕರಾಚಾರ್ಯರ ಬರಹದಲ್ಲಿ ಎಲ್ಲೂ ಇಲ್ಲ. ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ 'ಲೀಲಾವತಿ'ಯನ್ನು ಪರ್ಶಿಯನ್ ಭಾಷೆಗೆ ತಂದಾಗ ಮುನ್ನುಡಿಯಲ್ಲಿ ಈ ಕತೆಯನ್ನು ಸೇರಿಸಿದ. ಮೂಲ ಗ್ರಂಥಕ್ಕೂ ಈ ಅನುವಾದಕ್ಕೂ ನಡುವೆ ನಾಲ್ಕು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ.

ಪುಸ್ತಕದೊಳಗೆ ಲೆಕ್ಕ ಕೇಳಿಸಿಕೊಳ್ಳುವವರು ಒಬ್ಬರಲ್ಲ. ಕೆಲವು ಪ್ರಶ್ನೆಗಳನ್ನು ಲೀಲಾವತಿ ಎಂಬ ಹುಡುಗಿಗೆ ಕೇಳಿದರೆ, ಇನ್ನು ಕೆಲವನ್ನು ಗೆಳೆಯನಿಗೆ ಕೇಳುತ್ತಾರೆ. ನಮಗೆ ಇಲ್ಲಿ ಮುಖ್ಯವಾದ ಪ್ರಶ್ನೆಗಳು ವ್ಯಾಪಾರಿಗೆ ಕೇಳಿದವು.

ಸಂತೆಯ ಗಣಿತ

'ಲೀಲಾವತಿ' ಶುರುವಾಗುವುದೇ ನಾಣ್ಯ, ತೂಕ, ಅಳತೆಗಳ ಕೋಷ್ಟಕದಿಂದ. 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಚಿನ್ನ ತೂಗಲು ಗುಲಗಂಜಿಯ ಅಳತೆ: 5 ಗುಲಗಂಜಿಗೆ ಒಂದು ಮಾಷ. ಅದೇ ಕೋಷ್ಟಕದಲ್ಲಿ ಗದ್ಯಾಣವೂ ಇದೆ, ಅದು 48 ಗುಲಗಂಜಿ. ಕನ್ನಡ ಶಾಸನಗಳನ್ನು ಓದಿದವರಿಗೆ ಗದ್ಯಾಣ ಹೊಸ ಹೆಸರಲ್ಲ. ಹಳಿಯಾಳಕ್ಕೆ ದೂರವಲ್ಲದ ಹಲಸಿಯಿಂದ ಆಳುತ್ತಿದ್ದ ಗೋವೆಯ ಕದಂಬರು ಸಿಂಹದ ಲಾಂಛನವಿರುವ ಚಿನ್ನದ ನಾಣ್ಯಗಳನ್ನು ಹೊರಡಿಸಿದ್ದೂ ಇದೇ ಹನ್ನೆರಡನೆಯ ಶತಮಾನದಲ್ಲಿ.

ಬೆಲೆಯ ಒಂದು ಲೆಕ್ಕ ನೋಡಿ. ಒಂದು ದ್ರಮ್ಮಕ್ಕೆ ಮೂರೂವರೆ ಮಾನ ಅಕ್ಕಿ ಸಿಗುತ್ತದೆ, ಅಥವಾ ಎಂಟು ಮಾನ ಹೆಸರುಕಾಳು. ಪ್ರಯಾಣಿಕನ ಕೈಲಿರುವುದು 13 ಕಾಕಿಣಿ. ಅವನಿಗೆ ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಕಾಳು ಬೇಕು. ಬೇಗ ಉಂಡು ಹೊರಡಬೇಕು, ಜೊತೆಯ ತಂಡ ಮುಂದೆ ಹೋಗಿಬಿಡುತ್ತದೆ! ಉತ್ತರ: ಅಕ್ಕಿ ಹನ್ನೆರಡನೇ ಏಳು ಮಾನ, ಹೆಸರುಕಾಳು ಅದರ ಅರ್ಧ.

ಈ ಬುತ್ತಿಯ ಸರಾಸರಿ ಬೆಲೆ ಮಾನಕ್ಕೆ ಎಷ್ಟು ಎಂದು ನಾವೇ ಮುಂದುವರಿಸಿ ಕೇಳಬಹುದು. ಅಕ್ಕಿ ಮಾನಕ್ಕೆ ಸುಮಾರು 18.29 ಕಾಕಿಣಿ, ಹೆಸರುಕಾಳು 8 ಕಾಕಿಣಿ. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 13.14. ಆದರೆ ಪ್ರಯಾಣಿಕ ಕೊಟ್ಟ 13 ಕಾಕಿಣಿಯನ್ನು ಅವನಿಗೆ ಸಿಕ್ಕ ಒಟ್ಟು ಎಂಟನೇ ಏಳು ಮಾನದಿಂದ ಭಾಗಿಸಿದರೆ 14.86. ಬುತ್ತಿಯಲ್ಲಿ ದುಬಾರಿಯಾದ ಅಕ್ಕಿಯೇ ಹೆಚ್ಚಿರುವುದರಿಂದ ಸರಾಸರಿ ಅಕ್ಕಿಯ ಕಡೆಗೆ ವಾಲುತ್ತದೆ. ಪ್ರಮಾಣಕ್ಕೆ ತಕ್ಕ ಮರ್ಯಾದೆ ಕೊಡುವ ಇಂಥ ಸರಾಸರಿಗೇ 'ತೂಕದ ಸರಾಸರಿ' ಎಂದು ಹೆಸರು.

ನಾಲ್ಕು ತುಂಡು ಚಿನ್ನ, ಮೂರು ಪ್ರಶ್ನೆ

ತೂಕದ ಸರಾಸರಿಯ ಸೂತ್ರವನ್ನು ಭಾಸ್ಕರಾಚಾರ್ಯರು ನೇರವಾಗಿ ಹೇಳುವುದು 'ಸುವರ್ಣಗಣಿತ'ದ ಭಾಗದಲ್ಲಿ. ಆಗ ಚಿನ್ನದ ಶುದ್ಧತೆಯನ್ನು 'ವರ್ಣ'ದಲ್ಲಿ ಅಳೆಯುತ್ತಿದ್ದರು. ಒರೆಗಲ್ಲಿನ ಮೇಲೆ ಉಜ್ಜಿದಾಗ ಮೂಡುವ ಗೆರೆಯ ಬಣ್ಣ ನೋಡಿ ಗುಣ ಹೇಳುತ್ತಿದ್ದುದರಿಂದ ಆ ಹೆಸರು. ಪೂರ್ತಿ ಶುದ್ಧ ಚಿನ್ನ 16 ವರ್ಣ. ಇಂದಿನ 24 ಕ್ಯಾರೆಟ್ ಇದ್ದ ಹಾಗೆ. 12 ವರ್ಣ ಎಂದರೆ 18 ಕ್ಯಾರೆಟ್.

ಅವರು ಕೊಡುವ ಉದಾಹರಣೆಯಲ್ಲಿ ನಾಲ್ಕು ತುಂಡುಗಳಿವೆ:

13 ವರ್ಣದ್ದು 10 ಮಾಷ
12 ವರ್ಣದ್ದು 4 ಮಾಷ
11 ವರ್ಣದ್ದು 2 ಮಾಷ
10 ವರ್ಣದ್ದು 4 ಮಾಷ

ಮೊದಲ ಪ್ರಶ್ನೆ: ನಾಲ್ಕನ್ನೂ ಕರಗಿಸಿ ಒಂದು ಮಾಡಿದರೆ ಆ ಗಟ್ಟಿಯ ವರ್ಣ ಎಷ್ಟು? ಬರೀ ವರ್ಣಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಹನ್ನೊಂದೂವರೆ ಬರುತ್ತದೆ. ಭಾಸ್ಕರರ ಸೂತ್ರ ಹಾಗೆ ಮಾಡುವುದಿಲ್ಲ. ಪ್ರತಿ ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಬೇಕು: 130, 48, 22, 40. ಇವನ್ನು ಕೂಡಿಸಬೇಕು: 240. ಕೊನೆಯಲ್ಲಿ ಒಟ್ಟು ತೂಕವಾದ 20ರಿಂದ ಭಾಗಿಸಬೇಕು: 12. ಗಟ್ಟಿಯ ವರ್ಣ 12. ಅರ್ಧ ವರ್ಣದ ವ್ಯತ್ಯಾಸ ಚಿನ್ನದ ಅಂಗಡಿಯಲ್ಲಿ ಸಣ್ಣದೇನಲ್ಲ.

ಎರಡನೆಯ ಪ್ರಶ್ನೆ: ಆ 20 ಮಾಷವನ್ನು ಪುಟಕ್ಕೆ ಹಾಕಿ ಶೋಧಿಸಿದಾಗ ಕಲ್ಮಷ ಹೋಗಿ 16 ಮಾಷ ಉಳಿದರೆ ವರ್ಣ ಎಷ್ಟು? ಒಳಗಿದ್ದ ಚಿನ್ನ ಎಲ್ಲೂ ಹೋಗಿಲ್ಲ, ಹಾಗಾಗಿ 240 ಹಾಗೆಯೇ ಇದೆ. ಭಾಗಿಸುವ ತೂಕ ಮಾತ್ರ 16. ಉತ್ತರ 15 ವರ್ಣ.

ಮೂರನೆಯ ಪ್ರಶ್ನೆ: 16 ವರ್ಣದ ಅಪ್ಪಟ ಚಿನ್ನವಾಗುವವರೆಗೆ ಶೋಧಿಸಿದರೆ ಎಷ್ಟು ತೂಕ ಉಳಿಯುತ್ತದೆ? 240ನ್ನು 16ರಿಂದ ಭಾಗಿಸಿದರೆ 15 ಮಾಷ.

ಈ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಭಾಸ್ಕರಾಚಾರ್ಯರು ಸರಾಸರಿಯನ್ನು ಎಲ್ಲೂ ಜೋಪಾನ ಮಾಡಿಡುವುದಿಲ್ಲ. ಜೋಪಾನ ಮಾಡುವುದು ಎರಡು ಮೊತ್ತಗಳನ್ನು: ಗುಣಲಬ್ಧಗಳ ಮೊತ್ತ ಒಂದು, ತೂಕದ ಮೊತ್ತ ಇನ್ನೊಂದು. ಭಾಗಾಕಾರ ಕಟ್ಟಕಡೆಯ ಕೆಲಸ. ಪ್ರಶ್ನೆ ಬದಲಾದರೆ ಯಾವ ಮೊತ್ತ ಬದಲಾಯಿತು ಎಂದು ನೋಡಿ ಮತ್ತೆ ಭಾಗಿಸಿದರಾಯಿತು. 12 ಎಂಬ ಉತ್ತರವನ್ನಷ್ಟೇ ಬರೆದಿಟ್ಟುಕೊಂಡು ಉಳಿದುದನ್ನು ಅಳಿಸಿಹಾಕಿದ ವ್ಯಾಪಾರಿಗೆ ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ಉತ್ತರ ಹೇಳಲು ಆಗುವುದಿಲ್ಲ.

ಇದು ಭಾಸ್ಕರರೇ ಮೊದಲು ಕಂಡುಹಿಡಿದ ಸೂತ್ರ ಎಂದುಕೊಳ್ಳಬೇಕಿಲ್ಲ. ಅವರಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲೂ ಚಿನ್ನ ಬೆರೆಸುವ ಇಂಥ ಲೆಕ್ಕಗಳಿವೆ. ಭಾಸ್ಕರರ ಶತಮಾನದಲ್ಲೇ ರಾಜಾದಿತ್ಯ ಎಂಬ ಕವಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಅಂಗಡಿ, ಸಂತೆ, ಬಡ್ಡಿಗಳ ಲೆಕ್ಕ ಈ ನೆಲದಲ್ಲಿ ಹಳೆಯ ವಿದ್ಯೆ. ಅದನ್ನು ಚೊಕ್ಕವಾಗಿ, ನೆನಪಿಡಲು ಸುಲಭವಾಗುವಂತೆ ಜೋಡಿಸಿಕೊಟ್ಟದ್ದು 'ಲೀಲಾವತಿ'ಯ ಹೆಗ್ಗಳಿಕೆ. ಅದಕ್ಕಾಗಿಯೇ ಅದು ಶತಮಾನಗಳ ಕಾಲ ಪಠ್ಯವಾಗಿ ಉಳಿಯಿತು.

ಕೋಗಿಲಬನದಿಂದ ಒಂದು ವರದಿ

ಈಗ ಅದೇ ಸೂತ್ರವನ್ನು ಇಂದಿನ ಒಂದು ವರದಿಗೆ ಹಚ್ಚಿ ನೋಡೋಣ. ದಾಂಡೇಲಿಯ ಕೋಗಿಲಬನದಲ್ಲಿ ಕುಳಿತು ಯಾರೋ ಒಬ್ಬರು ಸುತ್ತಲಿನ ತಾಲ್ಲೂಕುಗಳ ಗೋವಿನಜೋಳದ ಮಾರಾಟದ ವರದಿ ತಯಾರಿಸುತ್ತಿದ್ದಾರೆ ಎಂದು ಊಹಿಸಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ, ಇವು ನಿಜವಾದ ಮಾರುಕಟ್ಟೆಯ ಅಂಕಿಗಳಲ್ಲ.

ಹಳಿಯಾಳ: 800 ಕ್ವಿಂಟಲ್, ದರ ₹2,000
ಮುಂಡಗೋಡ: 150 ಕ್ವಿಂಟಲ್, ದರ ₹2,200
ಜೋಯಿಡಾ: 50 ಕ್ವಿಂಟಲ್, ದರ ₹2,400

ಮೂರು ದರಗಳ ಸಾದಾ ಸರಾಸರಿ ₹2,200. ಭಾಸ್ಕರರ ದಾರಿ ಹಿಡಿದರೆ, ಪ್ರತಿ ಸಾಲಿನಲ್ಲಿ ತೂಕವನ್ನು ದರದಿಂದ ಗುಣಿಸಬೇಕು: ₹16,00,000, ₹3,30,000, ₹1,20,000. ಒಟ್ಟು ₹20,50,000. ಅದನ್ನು 1,000 ಕ್ವಿಂಟಲ್‌ನಿಂದ ಭಾಗಿಸಿದರೆ ₹2,050. ನಡುವಿನ ಅಂತರ ಕ್ವಿಂಟಲ್‌ಗೆ ₹150. ಸಾದಾ ಸರಾಸರಿಯನ್ನು ನಂಬಿ 30 ಕ್ವಿಂಟಲ್ ಬೆಳೆಗೆ ಹಣದ ಅಂದಾಜು ಹಾಕಿ ಸಾಲ ಮಾಡಿದ ಕುಟುಂಬಕ್ಕೆ ₹4,500 ಕಡಿಮೆ ಬೀಳುತ್ತದೆ. ತಮ್ಮ ಸೀಮೆಯ ಬೆಲೆ ಚೆನ್ನಾಗಿಯೇ ಇದೆ ಎಂದು ಅಧಿಕಾರಿಗಳು ತಿಳಿಯುವುದೂ ಇಂಥ ಅಂಕಿಯಿಂದಲೇ.

ಇಲ್ಲಿಯವರೆಗೆ ಎಲ್ಲವೂ ಕಾಗದ ಪೆನ್ಸಿಲಿನ ಲೆಕ್ಕ. ಪವರ್ ಬಿಐ ಥರದ ತಂತ್ರಾಂಶದಲ್ಲಿ ಇನ್ನೊಂದು ತಿರುವು ಇದೆ. ಅಲ್ಲಿ ವರದಿ ನೋಡುವವರು ತಾಲ್ಲೂಕು, ತಿಂಗಳು, ತಳಿ ಎಂದು ಬೇಕಾದುದನ್ನು ಆರಿಸಿಕೊಳ್ಳಬಹುದು. ಹಾಗೆ ಆರಿಸಿದಾಗ ಆ ಕ್ಷಣಕ್ಕೆ ಲೆಕ್ಕಕ್ಕೆ ಸಿಗುವ ಸಾಲುಗಳ ಗುಂಪನ್ನು ನಿರ್ಧರಿಸುವ ಷರತ್ತುಗಳಿಗೆ 'ಫಿಲ್ಟರ್ ಕಾಂಟೆಕ್ಸ್ಟ್' ಎನ್ನುತ್ತಾರೆ. ಭಾಸ್ಕರರ ಭಾಷೆಯಲ್ಲಿ ಹೇಳುವುದಾದರೆ, ಮೂಸೆಗೆ ಯಾವ ಯಾವ ತುಂಡು ಹಾಕಿದ್ದೇವೆ ಎಂಬುದು. ಕೋಷ್ಟಕದ ಒಂದೊಂದು ಚೌಕವೂ ಒಂದೊಂದು ಮೂಸೆ! ಹಳಿಯಾಳದ ಸಾಲಿನಲ್ಲಿರುವ ಚೌಕಕ್ಕೆ ಹಳಿಯಾಳದ ಮಾರಾಟ ಮಾತ್ರ ಬೀಳುತ್ತದೆ. ಕೆಳಗಿನ 'ಒಟ್ಟು' ಎಂಬ ಚೌಕಕ್ಕೆ ಎಲ್ಲವೂ ಬೀಳುತ್ತದೆ.

ಹೊಸಬರಿಗೆ ಗಾಬರಿಯಾಗುವುದು ಇಲ್ಲೇ. ಮೇಲಿನ ಮೂರು ಸಾಲುಗಳಲ್ಲಿ 2,000, 2,200, 2,400 ಎಂದಿದೆ, ಒಟ್ಟು ಸಾಲಿನಲ್ಲಿ 2,050 ಎಂದಿದೆ. ತಂತ್ರಾಂಶ ತಪ್ಪು ಮಾಡಿದೆ ಅನ್ನಿಸುತ್ತದೆ. ತಪ್ಪೇನೂ ಆಗಿಲ್ಲ. ಒಟ್ಟು ಸಾಲು ಮೇಲಿನ ಉತ್ತರಗಳ ಸರಾಸರಿ ಅಲ್ಲ; ಎಲ್ಲ ತುಂಡುಗಳನ್ನೂ ಹೊಸದಾಗಿ ಕರಗಿಸಿ ತೆಗೆದ ಉತ್ತರ. ಮುಂಡಗೋಡ, ಜೋಯಿಡಾ ಎರಡನ್ನೇ ಆರಿಸಿದರೆ ಅದೇ ಚೌಕ ತಾನಾಗಿ ₹4,50,000ವನ್ನು 200ರಿಂದ ಭಾಗಿಸಿ ₹2,250 ತೋರಿಸುತ್ತದೆ.

ಇದು ತಾನಾಗಿ ನಡೆಯಬೇಕಾದರೆ ಸೂತ್ರವನ್ನು ಸರಿಯಾಗಿ ಬರೆದಿರಬೇಕು. ಪವರ್ ಬಿಐಯ ಸೂತ್ರಭಾಷೆಯ ಹೆಸರು ಡ್ಯಾಕ್ಸ್. ಅದರಲ್ಲಿ ಪ್ರತಿ ಸಾಲಿನಲ್ಲೂ ಗುಣಿಸಿ ಆಮೇಲೆ ಕೂಡಿಸುವ ಕೆಲಸಕ್ಕೆ 'ಸಮ್‌ಎಕ್ಸ್', ತೂಕ ಕೂಡಿಸಲು 'ಸಮ್', ಕೊನೆಯ ಭಾಗಾಕಾರಕ್ಕೆ 'ಡಿವೈಡ್' ಎಂಬ ಕ್ರಿಯೆಗಳಿವೆ. ಮೂರೂ ಸೇರಿದರೆ ಸುವರ್ಣಗಣಿತದ ಸೂತ್ರವೇ ಆಯಿತು. ಇದರ ಬದಲು ದರದ ಕಂಬಕ್ಕೆ ಸರಾಸರಿಯ ಕ್ರಿಯೆಯಾದ 'ಆ್ಯವರೇಜ್' ಹಚ್ಚಿದರೆ ಒಂದು ಮೂಟೆಯ ಮಾರಾಟಕ್ಕೂ ಒಂದು ಲಾರಿಯ ಮಾರಾಟಕ್ಕೂ ಸಮಾನ ಬೆಲೆ ಸಿಗುತ್ತದೆ.

ಹಳಿಯಾಳದ ₹2,000 ಕೂಡ ಒಂದು ಸರಾಸರಿಯೇ ಆಗಿರಬಹುದು. ಅಕ್ಟೋಬರಿನಲ್ಲಿ 600 ಕ್ವಿಂಟಲ್ ₹1,900ಕ್ಕೆ, ನವೆಂಬರಿನಲ್ಲಿ 200 ಕ್ವಿಂಟಲ್ ₹2,300ಕ್ಕೆ ಮಾರಾಟವಾಗಿದ್ದರೆ ತೂಕದ ಸರಾಸರಿ ₹2,000 ಬರುತ್ತದೆ. ಎರಡು ತಿಂಗಳ ದರಗಳ ಸಾದಾ ಸರಾಸರಿ ₹2,100. ಯಾರಾದರೂ ತಿಂಗಳ ಸರಾಸರಿಯಿಂದ ತಾಲ್ಲೂಕಿನ ಸರಾಸರಿ, ತಾಲ್ಲೂಕಿನ ಸರಾಸರಿಯಿಂದ ಸೀಮೆಯ ಸರಾಸರಿ ಎಂದು ಮೆಟ್ಟಿಲು ಹತ್ತುತ್ತ ಹೋದರೆ ಪ್ರತಿ ಮೆಟ್ಟಿಲಿನಲ್ಲೂ ತಪ್ಪು ಸೇರುತ್ತ ಹೋಗುತ್ತದೆ.

ಭಾಗಿಸುವ ಸಂಖ್ಯೆ ತಪ್ಪಿದಾಗ

ಭಾಸ್ಕರರ ಎರಡನೆಯ ಪ್ರಶ್ನೆಯಲ್ಲಿ ಮೇಲಿನ ಮೊತ್ತ ಹಾಗೆಯೇ ಉಳಿದು ಕೆಳಗಿನ ತೂಕ ಬದಲಾಯಿತಲ್ಲ? ಗೋವಿನಜೋಳದಲ್ಲೂ ಇದು ನಡೆಯುತ್ತದೆ. ಹಸಿ ಇದ್ದಾಗ ಕೊಂಡ 1,000 ಕ್ವಿಂಟಲ್ ಒಣಗಿ 900 ಕ್ವಿಂಟಲ್ ಆದರೆ, ಕೊಟ್ಟ ₹20,50,000 ಬದಲಾಗುವುದಿಲ್ಲ. ಒಣ ಜೋಳದ ಲೆಕ್ಕದಲ್ಲಿ ಕೊಂಡವರಿಗೆ ಕ್ವಿಂಟಲ್‌ಗೆ ಸುಮಾರು ₹2,278 ಬಿದ್ದ ಹಾಗಾಯಿತು. ₹2,050 ಸುಳ್ಳಲ್ಲ, ₹2,278 ಕೂಡ ಸುಳ್ಳಲ್ಲ. ಒಂದು ರೈತರಿಗೆ ಸಿಕ್ಕ ದರ, ಇನ್ನೊಂದು ಗೋದಾಮಿನಲ್ಲಿರುವ ಕಾಳಿನ ದರ. ಯಾವ ತೂಕದಿಂದ ಭಾಗಿಸಿದ್ದು ಎಂದು ವರದಿಯಲ್ಲಿ ಬರೆಯದಿದ್ದರೆ ಇಬ್ಬರ ನಡುವೆ ಜಗಳ ಖಂಡಿತ.

ಗೊತ್ತಿಲ್ಲದೆ ಭಾಗಿಸುವ ಸಂಖ್ಯೆ ಬದಲಾಗುವುದೂ ಉಂಟು. ಇನ್ನೂ 100 ಕ್ವಿಂಟಲ್ ಜೋಳ ಬಂದಿದೆ, ತೂಕ ಬರೆದಾಗಿದೆ, ದರ ಗೊತ್ತಾಗದೆ ಆ ಚೌಕ ಖಾಲಿ ಬಿಟ್ಟಿದೆ ಎಂದುಕೊಳ್ಳಿ. ಗುಣಲಬ್ಧದ ಮೊತ್ತಕ್ಕೆ ಅದರಿಂದ ಏನೂ ಸೇರುವುದಿಲ್ಲ, ತೂಕದ ಮೊತ್ತ ಮಾತ್ರ 1,100 ಆಗುತ್ತದೆ. ಸರಾಸರಿ ಒಮ್ಮೆಲೇ ಸುಮಾರು ₹1,864ಕ್ಕೆ ಇಳಿಯುತ್ತದೆ. ಮಾರುಕಟ್ಟೆ ಕುಸಿದಿಲ್ಲ, ದರವಿಲ್ಲದ ಸಾಲು ಕೆಳಗೆ ಸೇರಿ ಮೇಲೆ ಸೇರಿಲ್ಲ, ಅಷ್ಟೇ. ಹಾಗಾಗಿ ದರ ಇರುವ ಸಾಲುಗಳನ್ನು ಮಾತ್ರ ಎರಡೂ ಮೊತ್ತಗಳಿಗೆ ತೆಗೆದುಕೊಳ್ಳಬೇಕು. ಮೇಲಿನ ಮೊತ್ತಕ್ಕೆ ಹಚ್ಚಿದ ಫಿಲ್ಟರ್ ಕೆಳಗಿನದಕ್ಕೂ ಹಚ್ಚಿದೆಯೇ ಎಂಬ ಒಂದು ಪ್ರಶ್ನೆ ಬಹಳಷ್ಟು ವರದಿಗಳನ್ನು ಕಾಪಾಡುತ್ತದೆ.

ಮಾರಾಟವೇ ಆಗದ ತಿಂಗಳನ್ನು ಆರಿಸಿದರೆ? ಆಗ ಮೇಲೆಯೂ ಸೊನ್ನೆ, ಕೆಳಗೂ ಸೊನ್ನೆ. ಸೊನ್ನೆಯಿಂದ ಭಾಗಿಸುವ ಪ್ರಶ್ನೆ ಭಾಸ್ಕರಾಚಾರ್ಯರನ್ನೂ ಕಾಡಿತ್ತು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವುದನ್ನು ಅವರು 'ಖಹರ' ಎಂದು ಕರೆದು, ಏನು ಕೂಡಿಸಿದರೂ ಕಳೆದರೂ ಬದಲಾಗದ ಅನಂತ ಅದು ಎಂದರು. ಆದರೆ ಸೊನ್ನೆಯಿಂದ ಗುಣಿಸಿ ಸೊನ್ನೆಯಿಂದಲೇ ಭಾಗಿಸಿದರೆ ಮೂಲ ಸಂಖ್ಯೆ ಮರಳಿ ಬರುತ್ತದೆ ಎಂದೂ ಅವರು ಲೆಕ್ಕ ಮಾಡಿದ್ದುಂಟು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. 'ಡಿವೈಡ್' ಕ್ರಿಯೆ ಇಂಥ ಕಡೆ ಯಾವ ಸಂಖ್ಯೆಯನ್ನೂ ಕೊಡದೆ ಚೌಕವನ್ನು ಖಾಲಿ ಬಿಡುತ್ತದೆ. ಮಾರಾಟವಿಲ್ಲದ ತಿಂಗಳ ಬೆಲೆ ಸೊನ್ನೆ ರೂಪಾಯಿ ಅಲ್ಲ, ಬೆಲೆಯೇ ಇಲ್ಲ.

ಕೊನೆಯ ಗ್ರಂಥ, ಆಮೇಲಿನ ಮಠ

ಭಾಸ್ಕರಾಚಾರ್ಯರು ಮುಪ್ಪಿನಲ್ಲೂ ಲೆಕ್ಕ ಬಿಡಲಿಲ್ಲ. 'ಕರಣಕುತೂಹಲ' ಎಂಬ ಗ್ರಂಥ 1183ರದ್ದು. ಆಗ ಅವರಿಗೆ 69 ವರ್ಷ. ಪಂಚಾಂಗ ಮಾಡುವವರು ಗ್ರಹಗಳ ಸ್ಥಾನವನ್ನು ಸುಲಭವಾಗಿ ತೆಗೆಯಲು ಅನುಕೂಲವಾಗುವ ಕೈಪಿಡಿ ಅದು. ದೊಡ್ಡ ಸಿದ್ಧಾಂತ ಬರೆದವರು 33 ವರ್ಷಗಳ ಬಳಿಕ ದಿನಬಳಕೆಯವರಿಗಾಗಿ ಸರಳ ಪುಸ್ತಕ ಬರೆದರು.

ಅವರ ಮನೆತನದ ಬಗ್ಗೆ ನಮಗೆ ಹೆಚ್ಚು ತಿಳಿಸುವುದು ಚಾಳೀಸಗಾಂವ ಸಮೀಪದ ಪಾಟಣದ ಶಾಸನ. ಹತ್ತೊಂಬತ್ತನೆಯ ಶತಮಾನದಲ್ಲಿ ಡಾ. ಭಾವು ದಾಜಿ ಅದನ್ನು ಬೆಳಕಿಗೆ ತಂದರು. ಭಾಸ್ಕರರ ಮಗ ಲಕ್ಷ್ಮೀಧರ. ಯಾದವ ದೊರೆ ಜೈತ್ರಪಾಲ ಅವನ ವಿದ್ವತ್ತನ್ನು ಕೇಳಿ ಆ ಊರಿನಿಂದ ಕರೆದೊಯ್ದು ಆಸ್ಥಾನದ ಪಂಡಿತರ ಮುಖ್ಯಸ್ಥನನ್ನಾಗಿ ಮಾಡಿದ. ಮೊಮ್ಮಗ ಚಂಗದೇವ ಯಾದವ ದೊರೆ ಸಿಂಘಣನ ಜ್ಯೋತಿಷಿ. ತಾತನ 'ಸಿದ್ಧಾಂತಶಿರೋಮಣಿ' ಮತ್ತು ಮನೆತನದ ಇತರ ಗ್ರಂಥಗಳನ್ನು ಕಲಿಸಲೆಂದೇ ಚಂಗದೇವ ಪಾಟಣದಲ್ಲಿ ಒಂದು ಮಠ ಕಟ್ಟಿಸಿದ. ಅದಕ್ಕೆ 1207ರಲ್ಲಿ ಅಲ್ಲಿನ ನಿಕುಂಭ ವಂಶದ ಸೋಯಿದೇವ ದತ್ತಿ ಬಿಟ್ಟ.

ಅಲ್ಲಿಂದ ಮುಂದೆ 'ಲೀಲಾವತಿ' ದೇಶವೆಲ್ಲ ಸುತ್ತಿತು. ಫೈಜಿಯ ಪರ್ಶಿಯನ್ ಅನುವಾದದ ಬಳಿಕ, 1817ರಲ್ಲಿ ಕೋಲ್‌ಬ್ರೂಕ್ ಅದನ್ನೂ 'ಬೀಜಗಣಿತ'ವನ್ನೂ ಇಂಗ್ಲಿಷಿಗೆ ತಂದ. 1979ರ ಜೂನ್ 7ರಂದು ಉಡಾವಣೆಯಾದ ಇಸ್ರೋದ ಭೂವೀಕ್ಷಣಾ ಉಪಗ್ರಹಕ್ಕೆ ಭಾಸ್ಕರ ಎಂದು ಹೆಸರಿಟ್ಟಾಗ ಅದರಲ್ಲಿ ಇಬ್ಬರು ಭಾಸ್ಕರರಿಗೂ ಪಾಲಿತ್ತು.

ಪಾಟಣದ ಶಾಸನದ ಬಹುಭಾಗ ಸಂಸ್ಕೃತದಲ್ಲಿದ್ದರೂ ಕೊನೆಯ ಸಾಲುಗಳು ಹಳೆಯ ಮರಾಠಿಯಲ್ಲಿವೆ. ಸಂತೆಗೆ ಬರುವ ಜನರಿಗೆ ತಿಳಿಯಬೇಕಾದ ವಿಷಯ ಅಲ್ಲಿದೆ. ಪಾಟಣದ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ತೆರೆಯುವ ಸರಕಿನ ಮೇಲೆ ಕೊಳ್ಳುವವರಿಂದ ಅರಮನೆಗೆ ಸಲ್ಲುತ್ತಿದ್ದ ಪಾಲನ್ನು ಇನ್ನು ಮುಂದೆ ಮಠಕ್ಕೆ ಕೊಡಲಾಗಿದೆ ಎಂಬುದು ಅದರ ತಿರುಳು. ವ್ಯಾಪಾರಿಗಳಿಗೆ ಲೆಕ್ಕ ಹೇಳಿಕೊಟ್ಟವರ ಪುಸ್ತಕಗಳನ್ನು ಕಲಿಸುವ ಖರ್ಚು ಹೀಗೆ ಸಂತೆಯ ವ್ಯಾಪಾರದಿಂದಲೇ ಬಂತು.